ಮುಖ ಕಾಣಲ್ವಲ್ಲ

ಹನ್ನೆರಡನೇ ತಾರೀಖು, ಮಂಗಳವಾರ

ಊಟ ಸೇರಲಿಲ್ಲ. ತಂಗಿಯ ಮಗಳು ಶಾಲೆಯ ವೇದಿಕೆಯಲ್ಲಿ ಹಾಡು ಮರೆತು ಅತ್ತದ್ದನ್ನು ಸಹಪಾಠಿಗಳು ವಿಡಿಯೊ ಮಾಡಿ ಹರಿಬಿಟ್ಟು, ವಾರದಿಂದ ಗೇಲಿ ಮಾಡುತ್ತಿದ್ದಾರೆ. ಇಂದು ನಮ್ಮ ಪತ್ರಿಕೆಯ ವೆಬ್‌ಸೈಟಿನಲ್ಲಿ ಅದನ್ನು ಖಂಡಿಸುವ ಸುದ್ದಿ ಬಂತು. ತಲೆಬರಹ, ‘ಮಕ್ಕಳನ್ನು ಹಂಗಿಸಬೇಡಿ’. ಅದರ ಕೆಳಗೆ ಅದೇ ವಿಡಿಯೊ. ಮುಖ ಮಸುಕು ಮಾಡಿದ್ದಾರೆ, ಅಳು ಹಾಗೇ ಕೇಳಿಸುತ್ತದೆ.

ತೆಗೆಯಿರಿ ಎಂದು ಸಂಪಾದಕರ ಬಳಿ ಹೋದೆ.

“ಮುಖ ಕಾಣಲ್ವಲ್ಲ, ಇನ್ನೇನ್ರೀ? ಚೆನ್ನಾಗಿ ಓಡ್ತಾ ಇದೆ.”

ಅವಳು ನನ್ನ ತಂಗಿಯ ಮಗಳು ಎಂದೆ. ಅವರ ಕಣ್ಣು ಅರಳಿತು.

“ಹೌದಾ? ಮೊದಲೇ ಹೇಳಬಾರದಾ? ಹಾಗಾದ್ರೆ ಅವಳದೊಂದು ಸಂದರ್ಶನ ಕೊಡಿಸಿ.”

ಹೆಣದ ಮೇಲಿನ ಚಿನ್ನಕ್ಕೆ ಕೈ ಹಾಕುವವರೂ ಒಮ್ಮೆ ಆಚೀಚೆ ನೋಡುತ್ತಾರೆ. ಈ ಮನುಷ್ಯ ನನ್ನ ಮುಖವನ್ನೇ ನೋಡಿ ಕೇಳಿದ.

ಸಂಜೆ ತಂಗಿ ಫೋನ್ ಮಾಡಿದಳು. “ಅಕ್ಕಾ, ನಿನ್ನೆವರೆಗೆ ಶಾಲೆಯವರಷ್ಟೇ ನೋಡಿದ್ರು. ಇವತ್ತು ಹಾಲಿನವನೂ ನೋಡಿದಾನೆ. ಇನ್ನು ಶಾಲೆಗೇ ಹೋಗಲ್ಲ ಅಂತಿದಾಳೆ. ‘ಅದು ದೊಡ್ಡಮ್ಮನ ಪೇಪರ್ ಅಲ್ವಾ?’ ಅಂತ ಕೇಳ್ತಾಳೆ. ಏನ್ ಹೇಳ್ಲಿ?”

“ನಮ್ಮದೇ ಅಂತ ಹೇಳು” ಎಂದೆ.

ಹುಡುಗಿ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಫೋನಿನ ಆಚೆ ಬಾಗಿಲು ದಡಾರನೆ ಮುಚ್ಚಿ ಚಿಲಕ ಬಿದ್ದ ಸದ್ದಾಯಿತು.

ನಾಳೆ ಮತ್ತೆ ಸಂಪಾದಕರ ಕೋಣೆಗೆ ಹೋಗಿ ನಿಲ್ಲಬೇಕು. ಅವರು ತೆಗೆಯದಿದ್ದರೆ ನಾನು ರಾಜೀನಾಮೆ ಕೊಟ್ಟು ಬರುತ್ತೇನೆ.