ಒಂಬತ್ತನ್ನು ಅಳಿಸಿದ ರಬ್ಬರು

ಭಾನುವಾರ, ಹದಿನಾಲ್ಕನೆಯ ತಾರೀಖು
ಮಧ್ಯಾಹ್ನ

ನನ್ನ ಮುದ್ದಿನ ಪ್ರಶ್ನೆಪತ್ರಿಕೆಗೆ,

ಅಮ್ಮ ಕಾಗದ ಬರೆದಿದ್ದಾಳೆ ಎಂದರೆ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಪ್ಪ ಬೆಳಗ್ಗೆಯಿಂದ ಬಚ್ಚಲುಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದಾರೆ. ಮೊದಲು ತೊಟ್ಟಿಕ್ಕುತ್ತಿತ್ತು, ಈಗ ಧಾರಾಳವಾಗಿ ಸುರಿಯುತ್ತಿದೆ.

ಇದನ್ನು ಫೋನಿನಲ್ಲೇ ಹೇಳಬೇಕೆಂದು ಈ ವಾರ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಮುಚ್ಚಿಕೊಂಡೆ. ಕಾಗದದಲ್ಲಾದರೆ ನೀನು ನಡುನಡುವೆ ಪ್ರಶ್ನೆ ಕೇಳುವುದಿಲ್ಲ, ನನಗೆ ಮಾತು ತಿರುಗಿಸಲಾಗುವುದಿಲ್ಲ. ಹಾಗಾಗಿ ತಲೆಯ ಮೇಲಿನ ಭಾರವನ್ನು ಮೊದಲೇ ಇಳಿಸಿಬಿಡುತ್ತೇನೆ. ಇಪ್ಪತ್ತೆಂಟನೆಯ ತಾರೀಖು ನೀನು ದೊಡ್ಡವರ ಮುಂದೆ ಓದಲಿರುವ ಸಂಶೋಧನೆಯ ಲೆಕ್ಕ ಸುಳ್ಳು. ಅದನ್ನು ಸುಳ್ಳು ಮಾಡಿದವಳು ನಾನು.

ಸಾವಧಾನವಾಗಿ ಕೇಳು. ಮುಟ್ಟಿನ ನೋವಿನ ಬಗ್ಗೆ ಮನಶ್ಶಾಸ್ತ್ರದವರು ಸಂಶೋಧನೆ ಮಾಡುತ್ತಾರೆ ಎಂದು ನೀನು ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ, ನೆನಪಿದೆಯಾ? ಹೊಟ್ಟೆ ನೋಯುವುದು ಒಂದು ಕಡೆ, ನೀವು ಹುಡುಕುವುದು ಇನ್ನೊಂದು ಕಡೆ ಎಂದಿದ್ದೆ. ನೀನು ಸಿಟ್ಟಾಗದೆ ಬಿಡಿಸಿ ಹೇಳಿದ್ದೆ. ನೋವು ನಿಜವಾದದ್ದೇ ಅಮ್ಮಾ, ಆದರೆ ನೋವು ಬರುವ ಮೊದಲೇ ಬರುವ ಭಯ, ಹೇಳಿದರೆ ಯಾರೂ ನಂಬುವುದಿಲ್ಲ ಎನ್ನುವ ಅಳುಕು, ಇವು ಒಬ್ಬ ಹುಡುಗಿಗೆ ಎಷ್ಟು ಭಾರ ಎಂದು ತಿಳಿಯಬೇಕು ಎಂದಿದ್ದೆ. ಕಾಲೇಜಿನ ಹುಡುಗಿಯರ ಹಾಳೆ ಸಿಕ್ಕಿವೆ, ದುಡಿಯುವ ಹುಡುಗಿಯರದೂ ಬೇಕು ಎಂದೆ. ನಮ್ಮ ಹೊಲಿಗೆ ಘಟಕದಲ್ಲಿ ಇಪ್ಪತ್ತೆರಡು ಹುಡುಗಿಯರಿದ್ದಾರೆ, ಎಲ್ಲರೂ ಹದಿನೆಂಟರಿಂದ ಇಪ್ಪತ್ನಾಲ್ಕರ ಒಳಗಿನವರು, ನಾನಿರುವಾಗ ನಿನಗೇನು ಚಿಂತೆ ಎಂದು ಎದೆ ತಟ್ಟಿಕೊಂಡವಳು ನಾನೇ.

ನೀನು ಹಾಳೆ ಕಳಿಸಿದೆ. ಮುಟ್ಟಿನ ದಿನಗಳಲ್ಲಿ ಪ್ರತಿ ಸಂಜೆ ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಒಂದು ಅಂಕಿ. ಕೆಳಗೆ, ಮನಸ್ಸಿನಲ್ಲಿ ಏನು ಓಡುತ್ತಿತ್ತು ಎಂದು ಎರಡು ಸಾಲು. ಕೊನೆಗೆ, ನೋವಿನ ವಿಷಯ ಯಾರಿಗಾದರೂ ಹೇಳಿದಿರಾ ಎನ್ನುವ ಪ್ರಶ್ನೆ. ಜೊತೆಗೆ ಒಂದು ಕಟ್ಟು ಲಕೋಟೆ. ಅವರೇ ತುಂಬಬೇಕು, ಅವರೇ ಅಂಟಿಸಬೇಕು, ಅಮ್ಮಾ ನೀನು ನೋಡಲೇಬಾರದು ಎಂದು ಎರಡೆರಡು ಸಲ ಹೇಳಿದೆ. ನಾನು ಹೂಂ ಎಂದೆ.

ಆ ಲಕೋಟೆಗಳಲ್ಲಿ ಗುಂಡಿ ತುಂಬಿಸಿಟ್ಟೆ, ಮಗಳೇ. ಬಿಳಿ ಗುಂಡಿ ಬೇರೆ, ನೀಲಿ ಗುಂಡಿ ಬೇರೆ. ಬಹಳ ಅನುಕೂಲವಾಯಿತು.

ನಾನು ತಪಾಸಣೆ ಮೇಜಿನವಳು. ಇಪ್ಪತ್ತಾರು ವರ್ಷದಿಂದ ಕೈಗೆ ಬಂದ ಪ್ರತಿಯೊಂದು ಶಾಲಾ ಅಂಗಿಯನ್ನೂ ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆ ಸೊಟ್ಟಗಿದ್ದರೆ ಬಿಚ್ಚಿ ಮತ್ತೆ ಹಾಕು ಎಂದು ವಾಪಸ್ ಕಳಿಸುವುದೇ ನನ್ನ ಕೆಲಸ. ನೋಡದೆ ಮುಂದೆ ಕಳಿಸು ಎಂದರೆ ನನ್ನ ಕೈಗೆ ಅದು ಗೊತ್ತೇ ಇಲ್ಲ. ಹುಡುಗಿಯರು ಸಂಜೆ ನನ್ನ ಮೇಜಿನ ಮುಂದೆ ನಿಂತೇ ಹಾಳೆ ತುಂಬುತ್ತಿದ್ದರು. ಎಂಟು, ಒಂಬತ್ತು ಎಂದು ಬರೆದವರನ್ನು ಕರೆದು, ಇಷ್ಟೊಂದು ನೋವಿದ್ದರೆ ಮಿಷನ್ ಮುಂದೆ ಕೂರಲು ಆಗುತ್ತಿತ್ತಾ, ಯೋಚಿಸಿ ಬರಿ, ನನ್ನ ಮಗಳ ಓದಿನ ಪ್ರಶ್ನೆ ಎನ್ನುತ್ತಿದ್ದೆ. ರಬ್ಬರನ್ನೂ ನಾನೇ ಮುಂದಕ್ಕೆ ತಳ್ಳುತ್ತಿದ್ದೆ. ಸೊಟ್ಟ ಹೊಲಿಗೆಯನ್ನು ನೆಟ್ಟಗೆ ಮಾಡಿಸಿದೆ ಎಂದೇ ನನ್ನ ಭಾವನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೀಗೇ ಅಲ್ಲವಾ, ಬೇಲಿಗೆ ತಾನು ಕಾಯುತ್ತಿದ್ದೇನೆ ಎಂದೇ ಅನ್ನಿಸುತ್ತಿರುತ್ತದೆ.

ಮೊನ್ನೆ ಮಂಗಳವಾರ ಬೆಳಗ್ಗೆ ನೀನು ಫೋನ್ ಮಾಡಿ ಅಚ್ಚರಿಯಿಂದ ಹೇಳಿದೆ. ಕಾಲೇಜಿನವರದು ಏಳರ ಹತ್ತಿರ ಬಂದರೆ ನಮ್ಮ ಹುಡುಗಿಯರದು ಮೂರೂ ದಾಟುತ್ತಿಲ್ಲ, ಕೈತುಂಬ ಕೆಲಸವಿದ್ದರೆ ನೋವು ತಟ್ಟುವುದಿಲ್ಲವೇನೋ ಎಂದು ನಿಮ್ಮ ಮೇಷ್ಟ್ರು ಖುಷಿಯಾಗಿದ್ದಾರೆ, ಅದನ್ನೇ ಓದಿಸುತ್ತಾರೆ ಎಂದೆ. ನಾನು ಆವತ್ತೆಲ್ಲ ನೆಲದ ಮೇಲೆ ನಡೆಯಲಿಲ್ಲ. ಆ ಸಂಜೆ ನಮ್ಮ ಕಾಜಾ ಹುಡುಗಿ ಬಂದಳು. ಅಂಗಿಗಳಿಗೆ ಗುಂಡಿಯ ತೂತು ಹಾಕುವವಳು, ಅದಕ್ಕೇ ಅವಳನ್ನು ಕಾಜಾ ಎಂದೇ ಕರೆಯುತ್ತೇವೆ. ಒಂಬತ್ತು ಎಂದು ಬರೆದಳು. ಒಂಬತ್ತು ನೋವಿದ್ದವಳು ಇವತ್ತು ನೂರು ಕಾಜಾ ಹಾಕಿದ್ದು ಹೇಗೆ ಎಂದು ಕೇಳಿದೆ. ಅವಳು ಅಳಿಸಿ ಮೂರು ಮಾಡಿದಳು.

ಮರುದಿನ ಮಿಷನ್ನಿನ ಸೂಜಿ ಅವಳ ತೋರುಬೆರಳಿಗೇ ಇಳಿಯಿತು. ಉಗುರಿನ ಮೇಲಿಂದ ಹೊಕ್ಕು ಕೆಳಗೆ ಬಂದಿತ್ತು. ನಾನೇ ಇಕ್ಕಳ ಹಿಡಿದು ಎಳೆದೆ. ಅವಳು ಬೆರಳು ಅಲುಗಿಸದೆ ಹಿಡಿದಿದ್ದಳು. ಔಷಧಿ ಹಚ್ಚುತ್ತಾ, ಅಳು ಬಂದರೆ ಅತ್ತುಬಿಡು ಮಗಾ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದೆ. ಅವಳು ಬೆರಳು ನೋಡಿಕೊಂಡು ತಣ್ಣಗೆ ಅಂದಳು:

"ಅಳೋ ಅಷ್ಟೇನಿಲ್ಲ ಅಕ್ಕಾ. ಇದು ಮೂರು. ನಿನ್ನೆದು ಒಂಬತ್ತು."

ಚುಚ್ಚಲೆಂದು ಅಂದ ಮಾತಲ್ಲ ಅದು. ನಾನು ಕಲಿಸಿದ ಲೆಕ್ಕವನ್ನು ನನಗೇ ಒಪ್ಪಿಸಿದಳು, ಅಷ್ಟೇ.

ನಮ್ಮಜ್ಜಿ ಹೇಳುತ್ತಿದ್ದಳು. ಒಬ್ಬ ರಾಜನಿಗೆ ಅಡುಗೆಯ ಹುಚ್ಚಂತೆ. ಸೊಂಟದಲ್ಲಿ ಕತ್ತಿ ಕಟ್ಟಿಕೊಂಡೇ ಬಡಿಸಿ, ಉಪ್ಪು ಹೇಗಿದೆ ಎಂದು ಕೇಳುತ್ತಿದ್ದನಂತೆ. ಎಲ್ಲರೂ ಹದವಾಗಿದೆ ಮಹಾಪ್ರಭು ಎನ್ನುತ್ತಿದ್ದರು. ಸಾಯುವವರೆಗೂ ತನ್ನಂಥ ಅಡುಗೆಯವನಿಲ್ಲ ಎಂದುಕೊಂಡೇ ಇದ್ದ. ಉಪ್ಪು ಎಷ್ಟಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಚಿಕ್ಕವಳಿದ್ದಾಗ ರಾಜನನ್ನು ನೆನೆದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ನನ್ನ ಸೊಂಟದಲ್ಲಿ ಕತ್ತಿ ಇಲ್ಲದಿದ್ದರೇನು, ಕೊರಳಲ್ಲಿ ಕತ್ತರಿ ನೇತಾಡುತ್ತಿದೆಯಲ್ಲ.

ಅವತ್ತು ಟೀ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿ, ನೋವನ್ನು ಯಾಕೆ ಕಮ್ಮಿ ಮಾಡಿ ಬರೆದಿರಿ ಎಂದು ಕೇಳಿದೆ. ಕಾಲರ್ ಹೊಲಿಯುವ ಬಾಯಾಳಿ ತಲೆ ತಗ್ಗಿಸಿಯೇ ಹೇಳಿದಳು: "ಜಾಸ್ತಿ ಬರೆದ್ರೆ ಸೋಮಾರಿಗಳು ಅಂತೀರಿ ಅನ್ನೋ ಭಯ ಅಕ್ಕಾ. ಆಮೇಲೆ, ನಿಮ್ ಮಗಳಿಗೆ ಒಳ್ಳೇದಾಗ್ಲಿ ಅಂತಾನೂ ಕಮ್ಮಿ ಬರೆದ್ವಿ." ನಿನಗೆ ಒಳ್ಳೆಯದಾಗಲಿ ಎಂದು, ನೋಡಿದೆಯಾ. ಇಂಥ ಒಳ್ಳೆಯ ಹುಡುಗಿಯರಿಂದ ಇಂಥ ಸುಳ್ಳು ಹೇಳಿಸಿದ್ದೇನೆ. ತಿಂಗಳು ತಿಂಗಳು ನಿನಗೆ ಕಳಿಸುವ ಮೊದಲು ಮೂರು ತಿಂಗಳ ಹಾಳೆಗಳನ್ನೂ ತಿರುವಿ ನೋಡಿದ್ದವಳು ನಾನು. ಯಾರಿಗೆ ಹೇಳಿದಿರಿ ಎನ್ನುವಲ್ಲಿ ಇಪ್ಪತ್ತೆರಡು ಜನರದೂ ಒಂದೇ ಉತ್ತರ, ಯಾರಿಗೂ ಇಲ್ಲ. ಅವರಲ್ಲಿ ಹದಿನೈದು ಜನಕ್ಕೆ ಮನೆಯಲ್ಲಿ ಅಮ್ಮ ಇದ್ದಾರೆ.

ಅಮ್ಮ ಎಂದಾಗ ಇನ್ನೊಂದನ್ನೂ ಹೇಳಬೇಕು. ನೀನು ಹದಿನಾಲ್ಕರವಳಿದ್ದಾಗಿನ ಮಾತು. ಗಣಿತ ಪರೀಕ್ಷೆಯ ಬೆಳಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ಮಂಡಿ ಎದೆಗವಚಿ ಕೂತಿದ್ದೆ. ನಾನು ಬಾಚಣಿಗೆ ಹಿಡಿದು ನಿಂತು, ನನಗೆ ಒಂದು ದಿನವೂ ಹೀಗಾಗಿಲ್ಲ, ಎದ್ದೇಳು, ಜಡೆ ಹಾಕಬೇಕು ಎಂದೆ. ನೀನು ಎದ್ದೆ. ಪರೀಕ್ಷೆ ಬರೆದೆ. ಆಮೇಲೆ ಒಂದು ಸಲವೂ ನನಗೆ ಹೇಳಲಿಲ್ಲ. ನಾನು ಅದನ್ನು ವಾಸಿಯಾಯಿತು ಎಂದುಕೊಂಡೆ. ನಿನ್ನ ಕಂಪಾಸು ಡಬ್ಬಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಾಗಲೂ ಕೇಳಲಿಲ್ಲ, ಎತ್ತಿ ಕಸಕ್ಕೆ ಹಾಕಿದೆ. ಈ ಓದನ್ನು ನೀನು ಯಾಕೆ ಆರಿಸಿಕೊಂಡೆ ಎಂದು ನಿಮ್ಮಪ್ಪ ಕೇಳಿದಾಗ ಏನೋ ಒಂದು ಕಾರಣ ಹೇಳಿದ್ದೆಯಲ್ಲ. ಅದು ಬರೀ ನೆಪ ಎಂದು ನನಗೆ ಆಗಲೇ ಗೊತ್ತಿತ್ತು.

ಈಗ ನೀನು ಮಾಡಬೇಕಾದದ್ದು. ಇಪ್ಪತ್ತೆಂಟರ ಓದನ್ನು ನಿಲ್ಲಿಸು. ಮೇಷ್ಟ್ರು ಬೈದರೆ ಅವರ ನಂಬರ್ ಕೊಡು, ಬೈಸಿಕೊಳ್ಳಬೇಕಾದವಳು ನಾನು. ಮೂರು ತಿಂಗಳು ಹಾಳಾಯಿತು, ಅದನ್ನು ಹಿಂದಕ್ಕೆ ಕೊಡುವ ಶಕ್ತಿ ನನಗಿಲ್ಲ. ಆದರೆ ನಿನ್ನ ಹತ್ತಿರ ಇರುವ ಹಾಳೆಗಳನ್ನು ಒಮ್ಮೆ ಕಿಟಕಿಗೆ ಹಿಡಿದು ನೋಡು. ಅಳಿಸಿದ ಕಡೆ ಪೆನ್ಸಿಲ್ ಒತ್ತಿದ ಗುರುತು ಉಳಿದಿದೆ. ಶಾಸ್ತ್ರ ಅದನ್ನು ಒಪ್ಪುತ್ತದೋ ಇಲ್ಲವೋ, ನೀನಾದರೂ ನೋಡು. ಆ ಹುಡುಗಿಯರು ನಿಜ ಬರೆದಿದ್ದರು ಎಂದು ನಿನಗೆ ಗೊತ್ತಿರಲಿ.

ಇಲ್ಲಿ ಗುಂಡಿಗಳೆಲ್ಲ ಡಬ್ಬಕ್ಕೆ ಹೋಗಿವೆ, ಲಕೋಟೆಗಳು ಹುಡುಗಿಯರ ಕೈಗೆ. ನೀರಿನ ಡ್ರಮ್ಮಿನ ಪಕ್ಕ ಬಿಸ್ಕತ್ತಿನ ಡಬ್ಬಕ್ಕೆ ಸೀಳು ಮಾಡಿ ಇಟ್ಟಿದ್ದೇನೆ. ಅವರು ತುಂಬುವ ಹೊತ್ತಿಗೆ ನಾನು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ನೋಡದೆ ನಿಲ್ಲುವುದು ಎಷ್ಟು ಕಷ್ಟ ಎಂದು ಈ ವಯಸ್ಸಿಗೆ ಗೊತ್ತಾಯಿತು. ಎರಡು ದಿನದಲ್ಲಿ ಬಿದ್ದ ಆರು ಲಕೋಟೆ ಈ ಕಟ್ಟಿನಲ್ಲಿವೆ. ನೋಡಿಲ್ಲ, ನಿನ್ನಾಣೆ.

ಸಿಟ್ಟಿದ್ದರೆ ಇಟ್ಟುಕೊಳ್ಳಬೇಡ, ಫೋನ್ ಮಾಡಿ ಬೈದುಬಿಡು. ಊಟ ಆಯಿತಾ ಎಂದು ಕೇಳಿ ತಪ್ಪಿಸಿಕೊಳ್ಳುವುದಿಲ್ಲ.

ನಿನ್ನವಳೇ ಆದ,
ಅಮ್ಮ

ಮರೆತಿದ್ದೆ: ಕಟ್ಟಿನಲ್ಲಿ ಏಳನೆಯದೂ ಒಂದು ಲಕೋಟೆ ಇದೆ. ಅದನ್ನು ಲೆಕ್ಕಕ್ಕೆ ಸೇರಿಸಬೇಡ, ನಿನ್ನ ಸಂಶೋಧನೆಯ ವಯಸ್ಸನ್ನು ಅವಳು ಎಂದೋ ದಾಟಿದ್ದಾಳೆ. ಹದಿನಾಲ್ಕರಿಂದ ಶುರುವಾಗಿ, ನೀನು ಹುಟ್ಟುವವರೆಗೂ ತಿಂಗಳು ತಪ್ಪದೆ ಬಂದದ್ದು. ಅಂಕಿಯ ಜಾಗದಲ್ಲಿ ಒಂಬತ್ತು ಎಂದಿದೆ. ರಬ್ಬರಿಗೆ ಸಿಗದಿರಲಿ ಎಂದು ಪೆನ್ನಿನಲ್ಲಿ ಬರೆದಿದ್ದೇನೆ. ಯಾರಿಗಾದರೂ ಹೇಳಿದಿರಾ ಎನ್ನುವ ಕಡೆ, "ಇವತ್ತು, ನನ್ನ ಮಗಳಿಗೆ" ಎಂದಿದೆ.