ಎರಡೂ ತುದಿಯಲ್ಲಿ ಹಸಿರು

ಡಿಸೆಂಬರ್ 30, 1999, ಬೆಳಿಗ್ಗೆ 11

2000 ಇಸವಿ ಬಂದಾಗ ಕೆಡುತ್ತದೆಯೇ ಎಂದು ಮೂರನೇ ಸಲ ಕಂಪ್ಯೂಟರಿನ ತಾರೀಖು ಮುಂದಕ್ಕೆ ಹಾಕಿ ನೋಡಿದ್ದಾಯಿತು. ಜನವರಿ ಒಂದಕ್ಕೆ ದಾಟಿತು, ತಕರಾರಿಲ್ಲ. ಕುವಾನೋ ರೈಲ್ವೆ — ಒಂದೇ ಕುಟುಂಬದ ಆಸ್ತಿ, ಒಂಬತ್ತು ಕಿಲೋಮೀಟರ್, ಒಂಟಿ ಹಳಿ. ಬಂದರಿನ ತುದಿಯಲ್ಲಿ ಒಂದು ರೈಲು, ಬೆಟ್ಟದ ತುದಿಯಲ್ಲಿ ಇನ್ನೊಂದು. ಒಂದು ಬಂದು ಸೇರುವವರೆಗೆ ಇನ್ನೊಂದು ಹೊರಡುವಂತಿಲ್ಲ. ಯಾರ ಸರದಿ ಎಂದು ಎರಡೂ ತುದಿಯ ಕಂಪ್ಯೂಟರುಗಳು ಹೇಳುತ್ತವೆ. ಹಸಿರು ಬಂದರೆ ಹೊರಡಬೇಕು. ಅಷ್ಟೇ ಸಿಸ್ಟಮ್.

ಮಾಲೀಕರಾದ ಕುವಾನೋ-ಸಾನ್‌ಗೆ ಅರವತ್ತೊಂದು. ಒಂದು ರೈಲನ್ನು ಅವರೇ ಓಡಿಸುತ್ತಾರೆ, ಇನ್ನೊಂದನ್ನು ಮಗಳು ಚಿಕಾಕೋ. ಚಹಾ ಕೊಟ್ಟು ಕಥೆ ಹೇಳಿದರು. ಕಲ್ಲು ಸಾಗಿಸಲು ಅಜ್ಜ ಹಾಕಿಸಿದ ಹಳಿ. ಯುದ್ಧದಲ್ಲಿ ಕಬ್ಬಿಣಕ್ಕೆಂದು ಕಿತ್ತೊಯ್ದರಂತೆ, ಅಪ್ಪ ಮತ್ತೆ ಹಾಕಿಸಿದರಂತೆ. 1953ರಲ್ಲಿ ಎರಡು ರೈಲು ಮುಖಾಮುಖಿ. ಸತ್ತವರು ಆರು ಜನ, ಅವರಲ್ಲಿ ಒಬ್ಬರು ಇವರ ಅಣ್ಣ. ಪ್ರತಿ ವರ್ಷ ಅದೇ ದಿನ ಉಳಿದ ಐದೂ ಮನೆಗಳ ಬಾಗಿಲಿಗೆ ಹೋಗಿ ತಲೆಬಾಗುತ್ತಾರೆ. ಈಗಲೂ.

ಚಹಾ ಕುಡಿದೆ.

ಜನವರಿ 1, 2000

ಏನೂ ಆಗಲಿಲ್ಲ! ರಿಪೋರ್ಟಿಗೆ ನಮ್ಮ ಕಂಪನಿಯ ಮುದ್ರೆ ಒತ್ತಿದೆ. ಕುವಾನೋ-ಸಾನ್ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮುಜುಗರವಾಯಿತು.

ಫೆಬ್ರವರಿ 21, ಉರಯಾಸು

ಆಫೀಸಿನಿಂದ ಎಲ್ಲರಿಗೂ ಮೇಲ್ — ಫೆಬ್ರವರಿ 29 ಟೆಸ್ಟ್ ಮಾಡಿದ್ದೀರಾ, ಖಚಿತಪಡಿಸಿ.

ಕುವಾನೋ ರೈಲ್ವೆಯ ನನ್ನ ಟೆಸ್ಟ್ ಶೀಟಿನಲ್ಲಿ ಟಿಕ್ ಇದೆ. ಆದರೆ ನಾನು ಮಾಡಿಲ್ಲ. ಹಿಂದಿನ ಸೈಟಿನ ಶೀಟನ್ನೇ ಕಾಪಿ ಮಾಡಿ ಹೆಸರು ಬದಲಿಸಿದ್ದೆ. ಎಲ್ಲರೂ ಹಾಗೇ ಮಾಡುತ್ತೇವೆ. ಟಿಕ್ ಸಮೇತ ಬಂದುಬಿಟ್ಟಿದೆ.



ಫೆಬ್ರವರಿ 24, ಕೋಟೋ ಆಫೀಸು

ಆ ರೈಲ್ವೆಯ ಪ್ರೋಗ್ರಾಮಿನ ಇಲ್ಲಿರುವ ಕಾಪಿಯಲ್ಲಿ ಓಡಿಸಿ ನೋಡಿದೆ. ಬಂದರಿನ ಯಂತ್ರ ಹೊಸದು, 29 ಗೊತ್ತು — ಮಂಗಳವಾರ. ಬೆಟ್ಟದ ಯಂತ್ರ ಹಳೆಯದು, 2000 ಅಧಿಕ ವರ್ಷ ಎಂದು ಗೊತ್ತಿಲ್ಲ. ಅದಕ್ಕೆ 28 ಆದಮೇಲೆ ಮಾರ್ಚ್ 1, ವೇಳಾಪಟ್ಟಿಯಲ್ಲಿ ಅದು ಬುಧವಾರ. ಮಂಗಳವಾರದ ಮೊದಲ ಸರದಿ ಬಂದರಿನದು, ಬುಧವಾರದ್ದು ಬೆಟ್ಟದ್ದು. ತಾರೀಖು ಹೊಂದದಿದ್ದರೆ ಒಂದು ಇನ್ನೊಂದರ ಮಾತು ಕೇಳುವುದಿಲ್ಲ.

ಎರಡೂ ಸ್ಕ್ರೀನ್ ಹಸಿರು.

ಮ್ಯಾನೇಜರ್ ಹರಿಪ್ರಸಾದ್ ಬಾಗಿಲು ಹಾಕಿಕೊಂಡು ಮಾತಾಡಿದರು. "ರಿಪೋರ್ಟ್ ಕ್ಲೋಸ್ ಆಗಿದೆ ಕೋಕಿಲಾ. ಈಗ ಬಾಯಿ ಬಿಟ್ರೆ ನಿನ್ ವೀಸಾನೂ ಹೋಗತ್ತೆ, ನನ್ ಕೆಲ್ಸಾನೂ ಹೋಗತ್ತೆ. ಆ ದಿನ ಮೆಂಟೆನೆನ್ಸ್ ಅಂತ ಏನೋ ಹೇಳಿ ಟ್ರೈನ್ ನಿಲ್ಸೋಣ. ನಾನ್ ನೋಡ್ಕೋತೀನಿ, ಬಿಡು."

ಸರಿ ಸರ್ ಎಂದೆ. ಥೂ.

ಫೆಬ್ರವರಿ 28, ಸಂಜೆ 5

ಹರಿಪ್ರಸಾದ್ ಏನೂ ನೋಡಿಕೊಂಡಿಲ್ಲ. ಬೆಳಿಗ್ಗೆ ಕೇಳಿದರೆ "ಏನೂ ಆಗಲ್ಲ ಬಿಡು" ಅಂದರು. ರಜೆ ಹಾಕಿ ರೈಲು ಹತ್ತಿದೆ. ಕುವಾನೋ-ಸಾನ್ ಎದುರು ಕೂತು ಹತ್ತು ನಿಮಿಷ ಹವಾಮಾನದ ಮಾತಾಡಿದೆ. ಆಮೇಲೆ ಸುಮಿಮಾಸೆನ್, ಕ್ಷಮಿಸಿ ಎಂದವಳು ಎಲ್ಲವನ್ನೂ ಹೇಳಿಬಿಟ್ಟೆ. ಹಣೆ ಚಾಪೆಗೆ ತಾಗುವಷ್ಟು ಬಗ್ಗಿದ್ದೆ. ಬೈದರೆ ಸಾಕು ಎನಿಸಿತ್ತು. ಬೈಯಲಿಲ್ಲ.

"ಆ ಕಂಪ್ಯೂಟರ್ ಆಫ್ ಮಾಡಬಹುದಾ?" ಎಂದು ಕೇಳಿದರು.

"ರಸ್ತೆ ಅಡ್ಡ ಬರುವಲ್ಲಿನ ಗೇಟುಗಳೂ ಅದರಲ್ಲೇ ಇವೆ. ಆಫ್ ಮಾಡಿದ್ರೆ ರಸ್ತೆ ತೆರೆದೇ ಇರತ್ತೆ."

"ಮೂವತ್ತಾರು ಮಕ್ಕಳಿಗೆ ನಾಳೆ ಪರೀಕ್ಷೆ. ಬಸ್ಸಿಲ್ಲ." ಬೀರುವಿನಿಂದ ಒಂದು ಕೆಂಪು ತೋಳುಪಟ್ಟಿ ತೆಗೆದರು. ಸಿಗ್ನಲ್ ನಂಬಲಾಗದ ದಿನ ಒಬ್ಬ ಮನುಷ್ಯನೇ ಸಿಗ್ನಲ್ ಆಗುತ್ತಾನಂತೆ. ಪಟ್ಟಿ ಕಟ್ಟಿಕೊಂಡವನು ಹತ್ತದೆ ಯಾವ ರೈಲೂ ಹೊರಡಬಾರದು. ಮನುಷ್ಯ ಒಬ್ಬನೇ, ಹಾಗಾಗಿ ಹಳಿಯ ಮೇಲೆ ರೈಲೂ ಒಂದೇ.

"ಪಟ್ಟಿ ಕಟ್ಟಿದವರಿಗೆ ಬೇರೆ ಕೆಲಸ ಇರಬಾರದು. ನಾವು ನಾಲ್ಕೇ ಜನ, ಎಲ್ಲರಿಗೂ ಕೆಲಸ ಇದೆ. ಕೋಕಿಲಾ-ಸಾನ್, ನಾಳೆ ನೀವು ಖಾಲಿ ಇದ್ದೀರಾ?"

ಚಿಕಾಕೋಗೆ ಫೋನ್ ಮಾಡಿ ಹೇಳಿದರು. ತಪ್ಪು ಯಾರದೆಂದು ಮಾತ್ರ ಹೇಳಲಿಲ್ಲ.

ಫೆಬ್ರವರಿ 29, ಬೆಳಿಗ್ಗೆ 6.40

ಬಂದರಿನಿಂದ ಹೊರಟಿದ್ದೇವೆ. ನನ್ನ ತೋಳಿಗೆ ಕೆಂಪು ಪಟ್ಟಿ, ಕುವಾನೋ-ಸಾನ್ ಪಕ್ಕದ ಮಡಚುವ ಸೀಟು. ಇಲ್ಲಿನ ಚಾಲಕರ ಪದ್ಧತಿಯಂತೆ ಅವರು ಪ್ರತಿ ಗುರುತಿಗೂ ಬೆರಳು ತೋರಿಸಿ ಗಟ್ಟಿಯಾಗಿ ಕೂಗುತ್ತಾರೆ. ಅಕ್ಷರ ಸೊಟ್ಟಗಾಗುತ್ತಿದೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಮೇಲೆ ಈಗ ಹಸಿರು ಬಂದಿರುತ್ತದೆ. ಚಿಕಾಕೋ ಮೂರು ವರ್ಷದಿಂದ ಹಸಿರು ಕಂಡ ಕೂಡಲೇ ಹೊರಟ ಹುಡುಗಿ. ಕೈ ತಾನಾಗಿ ಚಲಿಸಿದರೆ? ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚುತ್ತೇನೆ. ಇವರು ಮುಚ್ಚುವುದಿಲ್ಲ. ಸುರಂಗ... ದೇವರೇ, ಸುರಂಗ ಖಾಲಿ.

7.02

ಮೇಲಿನ ಸ್ಟೇಷನ್. ನಿಂತಿದೆ! ಅವಳ ರೈಲು ನಿಂತಲ್ಲೇ ಇದೆ, ಮಕ್ಕಳು ಕಿಟಕಿಗೆ ಮೂಗೊತ್ತಿ ನೋಡುತ್ತಿವೆ. ಸ್ಕ್ರೀನ್ ಇನ್ನೂ ಹಸಿರು. ಚಿಕಾಕೋ ಎರಡೂ ಕೈ ತೊಡೆಯ ಕೆಳಗೆ ಹಾಕಿ ಕೂತಿದ್ದಾಳೆ.

"ಇಪ್ಪತ್ತೆರಡು ನಿಮಿಷದಿಂದ ಹಸಿರು," ಎಂದಳು. ತುಟಿ ಬಿಳಿಚಿತ್ತು. "ಎಂಥ ಪಾಪಿ ಬರೆದದ್ದು ಈ ಪ್ರೋಗ್ರಾಮ್? ಚೆಕ್ ಮಾಡಿದವರು ಯಾರು?"

ಕುವಾನೋ-ಸಾನ್ ನನ್ನ ಕಡೆ ನೋಡಲಿಲ್ಲ. ನಾನು ಹತ್ತಬೇಕು, ಹತ್ತದೆ ರೈಲು ಹೊರಡದು. ಬುಕ್ಕು ಮುಚ್ಚಿ ಅವಳಿಗೆ ಹೇಳುತ್ತೇನೆ, ಚೆಕ್ ಮಾಡಿದ್ದು —