ಗ್ಲೌಸಿಗೆ ಕಿವುಡಾದ ಫೋನು

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೧೦, ಭಾನುವಾರ

ಪ್ರೀತಿಯ ಅಣ್ಣಾ,

ಸಮಸ್ತ ಬಂಧುಬಾಂಧವರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಯಾವ ಅಗ್ನಿಶಾಮಕ ವಾಹನದಲ್ಲಿಯೂ ಕ್ಯಾರೆಟ್ ಇಟ್ಟುಕೊಳ್ಳಕೂಡದೆಂದು ಮೇಲಿನ ಕಚೇರಿಯಿಂದ ಆಜ್ಞೆ ಹೊರಟಿದೆ. ಮೂಲಂಗಿಯ ವಿಷಯದಲ್ಲಿ ಆಜ್ಞೆ ಮೌನವಾಗಿದೆ.

ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಹಚ್ಚಿದ ಎಣ್ಣೆ ಒರೆಸಿಕೊಂಡು ಕಾರ್ಖಾನೆಗೆ ಓಡಬೇಡ. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಇವರ ಬಲಗೈಯ ಎರಡು ಬೆರಳು ಆಸಿಡ್ಡಿನಲ್ಲಿ ಸುಟ್ಟಿವೆ, ಅದು ಇವರದೇ ತಪ್ಪು ಎಂದು ೨೧ನೇ ತಾರೀಕು ಗುರುವಾರ ವಿಚಾರಣೆಯಿದೆ. ಗಾಬರಿಯಾಗಬೇಡ, ಬೆರಳು ಉಳಿಯುತ್ತವಂತೆ. ಕೆಲಸ ಉಳಿಯುತ್ತದೆಯೋ ಇಲ್ಲವೋ ಹೇಳುವವರಿಲ್ಲ.

ನಡೆದದ್ದು ಕೇಳು. ಮೊದಲೆಲ್ಲ ಇವರ ಅಗ್ನಿಶಾಮಕ ಗಾಡಿಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕವಿತ್ತು. ಟ್ಯಾಂಕರ್ ಸೋರಿದರೆ ಅದರ ಫಲಕದ ನಂಬರು ದೂರದಿಂದ ನೋಡಿ ಪುಟ ತಿರುವಿದರಾಯಿತು. ಒಳಗಿರುವುದು ಏನು, ನೀರು ಬಿಡಬಹುದೇ, ಎಷ್ಟು ದೂರ ನಿಲ್ಲಬೇಕು, ಎಲ್ಲ ಸಿಗುತ್ತಿತ್ತು. ಅದು ಹಳೇ ಕಾಲದ್ದಾಯಿತೆಂದು ತೂಕಕ್ಕೆ ಹಾಕಿ, ಕೈಗೊಂದು ಫೋನು, ಫೋನಿಗೊಂದು ಆ್ಯಪ್ ಕೊಟ್ಟರು. ಆ್ಯಪ್ ಬಲು ಜಾಣ. ಫಲಕದ ಫೋಟೋ ಹತ್ತಿರ ಹೋಗಿ ತೆಗೆದರೇ ಅದು ಬಾಯಿ ಬಿಡುವುದು. ಹತ್ತಿರ ಹೋಗಬಹುದೋ ಇಲ್ಲವೋ ತಿಳಿಯಲೆಂದೇ ಅದನ್ನು ಕೇಳುವುದು ಎಂಬುದು ಆ್ಯಪ್ ಮಾಡಿದ ಪುಣ್ಯಾತ್ಮರಿಗೆ ಹೊಳೆಯಲಿಲ್ಲ. ಸಾಲದ್ದಕ್ಕೆ, ಬರಿಬೆರಳು ತಾಗಿದರೆ ಮಾತ್ರ ಅದಕ್ಕೆ ಎಚ್ಚರ. ದಪ್ಪ ರಬ್ಬರ್ ಗ್ಲೌಸಿಗೆ ಶುದ್ಧ ಕಿವುಡು.

ಅವತ್ತು ರಸ್ತೆಯಲ್ಲಿ ಸೋರುತ್ತಿದ್ದ ಟ್ಯಾಂಕರಿನ ಹಿಂದೆ ನಿಂತು ಇವರು ಒತ್ತಿದರು, ತಟ್ಟಿದರು, ಬೈದರು. ರಸ್ತೆಯಾಚೆ ಶಾಲೆ, ಮಕ್ಕಳನ್ನು ಹೊರಗೆ ಓಡಿಸಬೇಕೋ ಒಳಗೇ ಕೂರಿಸಬೇಕೋ ಎಂದು ಮೇಷ್ಟರು ಕೂಗುತ್ತಿದ್ದಾರೆ. ಕೊನೆಗೆ ಇವರು ಗ್ಲೌಸ್ ಬಿಚ್ಚಿದರು. ಥಟ್ಟನೆ ತೆರೆದುಕೊಂಡ ಆ್ಯಪ್ ಮೊದಲು ಕೇಳಿದ್ದು, ನಮ್ಮ ಸೇವೆ ಇಷ್ಟವಾಯಿತೇ, ನಕ್ಷತ್ರ ಕೊಡಿ ಎಂದು. ಅದನ್ನು ಸರಿಸಿ ಫೋಟೋ ತೆಗೆಯುವಷ್ಟರಲ್ಲಿ ಮೇಲಿನ ವಾಲ್ವಿನಿಂದ ಆಸಿಡ್ ಬೆರಳ ಮೇಲೆ ಬಿತ್ತು. ಆದರೂ ಉತ್ತರ ಓದಿ, ಮಕ್ಕಳನ್ನು ಒಳಗೇ ಕೂರಿಸಿ ಕಿಟಕಿ ಮುಚ್ಚಿ ಎಂದು ಕೂಗಿ ಹೇಳಿದ ಮೇಲೆಯೇ ಇವರು ನೀರಿಗೆ ಕೈಯೊಡ್ಡಿದ್ದು.

ವರದಿಯಲ್ಲಿ ಮಕ್ಕಳ ಸುದ್ದಿಯೇ ಇಲ್ಲ. ಸ್ವಂತ ಇಚ್ಛೆಯಿಂದ ಗ್ಲೌಸ್ ತೆಗೆದಿದ್ದಾರೆ ಎಂದಿದೆ, ಹುಡುಗಾಟಕ್ಕೆ ತೆಗೆದವರ ಹಾಗೆ. ವಿಚಾರಣೆ ನಡೆಸುವ ಸಾಹೇಬರು ಆಸ್ಪತ್ರೆಗೆ ಬಂದು ಹಾಸಿಗೆಯ ಪಕ್ಕ ನಿಂತು, "ಗ್ಲೌಸ್ ಬಿಚ್ಚಿ ಅಂತ ಆ್ಯಪ್ ಹೇಳಿತ್ತೇನ್ರೀ?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮೆತ್ತಗೆ, "ಇಲ್ಲ ಸಾರ್. ಅದು ಏನೂ ಹೇಳ್ತಿರ್ಲಿಲ್ಲ, ಅದಕ್ಕೇ ಬಿಚ್ಚಿದ್ದು" ಅಂದರು.

ಆಮೇಲೆ ಇವರ ಜೊತೆಯವರು, ಗ್ಲೌಸ್ ಹಾಕಿಕೊಂಡೇ ಕ್ಯಾರೆಟ್ಟಿನಿಂದ ಒತ್ತಿದರೆ ಫೋನು ಮಾತು ಕೇಳುತ್ತದೆಂದು ಕಂಡುಹಿಡಿದು ಗಾಡಿಯಲ್ಲೊಂದು ಇಟ್ಟುಕೊಂಡರು. ಇಷ್ಟೆಲ್ಲದರಲ್ಲಿ ಸಾಹೇಬರ ಕಣ್ಣಿಗೆ ಬಿದ್ದ ಅಪಾಯಕಾರಿ ವಸ್ತು ಅದೊಂದೇ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಇವರು ಎಡಗೈ ಎತ್ತಿ ನಿನ್ನನ್ನು ಕೇಳಿದೆನೆಂದು ಬರೆ ಎನ್ನುತ್ತಿದ್ದಾರೆ.

ನಿನ್ನ
ಬಾಯಿಬಡುಕಿ ತಂಗಿ

ಅಸಲು ಮಾತೇ ಮರೆತೆ: ಇವರಿಗೆ ಬರೆಯಲಾಗದ ಕಾರಣ ವಿಚಾರಣೆಗೆ ನಾನೂ ಜೊತೆಗೆ ಹೋಗಬಹುದಂತೆ. ಇವರ ಗ್ಲೌಸನ್ನು ಸಾಕ್ಷಿಯೆಂದು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಿನ್ನ ಬ್ಯಾಟರಿ ಕಾರ್ಖಾನೆಯಲ್ಲಿ ಆಸಿಡ್ ಮುಟ್ಟುವವರು ಹಾಕುವುದೂ ಅಂಥದ್ದೇ ಅಲ್ಲವೇ? ೨೦ನೇ ತಾರೀಕಿನೊಳಗೆ ಒಂದು ಜೊತೆ ತಲುಪಿಸು. ಸಾಹೇಬರ ಕೈಗೇ ತೊಡಿಸಿ, ಫೋನು ಮುಂದಿಟ್ಟು, ಎಲ್ಲಿ, ತೆರೆಯಿರಿ ನೋಡೋಣ ಎನ್ನಬೇಕು. ಇರುವುದರಲ್ಲಿ ದೊಡ್ಡ ಸೈಜೇ ಕಳಿಸು. ಅವರ ಕೈ ದಪ್ಪ. ಹಿಡಿಸಲಿಲ್ಲ ಎಂದು ತಪ್ಪಿಸಿಕೊಂಡಾರು.